ಬೆಕ್ಕಿನ ಬಾಯಿಯ ಹೊಸ ಜೀವಿ

ಪ್ರಯೋಗಾಲಯದಲ್ಲಿ ಅವಳಿಗೆ ಸ್ಪಿರಿಟಕ್ಕ ಎಂದೇ ಹೆಸರು. ಮೇಜು, ಬಾಗಿಲ ಹಿಡಿ, ಕೊನೆಗೆ ಫೋನನ್ನೂ ಬಿಡದೆ ಸ್ಪಿರಿಟ್ ಹಚ್ಚಿ ಒರೆಸುವವಳನ್ನು ಇನ್ನೇನೆಂದು ಕರೆಯಬೇಕು? ಹನ್ನೊಂದು ವರ್ಷಗಳಿಂದ ಅವಳ ಕೆಲಸ ಒಂದೇ: ನಾಯಿ, ಕುರಿ, ಕುದುರೆಗಳ ಬಾಯಿಂದ ತಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಯಾವುದು ಯಾವ ಪ್ರಭೇದವೆಂದು ಗುರುತಿಸುವುದು. ಎಲ್ಲವೂ ಬೇರೆ ಯಾರೋ ಕಂಡು ಹೆಸರಿಟ್ಟವು. ತನ್ನದೆಂದು ಒಂದಾದರೂ ಸಿಗಲಿ ಎಂಬ ಆಸೆಯನ್ನು ಅವಳು ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಸಿಕ್ಕಿತು, ಅದೂ ಮನೆಯಲ್ಲೇ. ಅಜ್ಜಿಯ ಮುದಿ ಬೆಕ್ಕಿನ ಒಸಡು ಊದಿಕೊಂಡಾಗ ಹತ್ತಿಕಡ್ಡಿಯಲ್ಲಿ ಒರೆಸಿ ತಂದ ಕೀವಿನಲ್ಲಿ, ಯಾವ ಪಟ್ಟಿಗೂ ತಾಳೆಯಾಗದ ಡಿಎನ್‌ಎ ಒಂದು ಕಂಡಿತು.

“ನನ್ನ ಬೆಕ್ಕಿನ ಬಾಯಲ್ಲಿ ಹುಳ ಇದೆ ಅಂತ ಊರಿಗೆಲ್ಲ ಡಂಗುರ ಹೊಡೀತೀಯಾ?” ಅಜ್ಜಿ ರೇಗಿದಳು.

“ಹುಳ ಅಲ್ಲ ಅಜ್ಜಿ, ಹೊಸ ಜೀವಿ. ಜಗತ್ತಲ್ಲಿ ಯಾರೂ ನೋಡಿಲ್ಲ.”

“ನೋಡದೆ ಇದ್ದಿದ್ದೇ ಒಳ್ಳೇದಾಯ್ತು ಬಿಡು.”

ಆದರೆ ಹೊಸ ಪ್ರಭೇದವೆಂದು ಲೋಕ ಒಪ್ಪಬೇಕಾದರೆ, ಬೇರೇನೂ ಬೆರೆಯದಂತೆ ಅದೊಂದನ್ನೇ ಬೆಳೆಸಿ ಎರಡು ದೇಶಗಳ ಜೀವಾಣು ಭಂಡಾರಗಳಿಗೆ ಜೀವಂತವಾಗಿ ಕಳಿಸಬೇಕು. ಇದೋ, ನೂರೆಂಟು ಜೀವಿಗಳ ಸಂತೆಯಲ್ಲಿ ಕಪ್ಪು ಚುಕ್ಕಿಯಾಗಿ ಮೂಡುತ್ತಿತ್ತು. ಅದನ್ನು ಆರಿಸಿ, ಪೋಷಕಾಂಶ ತುಂಬಿದ ಶುದ್ಧ ತಟ್ಟೆಗೆ ದಾಟಿಸಿದರೆ ಸತ್ತೇಹೋಗುತ್ತಿತ್ತು. ಸ್ಪಿರಿಟಕ್ಕ ಇನ್ನಷ್ಟು ಶುದ್ಧ ಮಾಡಿದಳು, ಅದು ಇನ್ನಷ್ಟು ಬೇಗ ಸತ್ತಿತು. ಅಷ್ಟರಲ್ಲಿ ಬೆಕ್ಕೂ ತೀರಿಕೊಂಡಿತು. ಎರಡು ದಿನ ಸರಿಯಾಗಿ ಊಟ ಮಾಡದ ಅಜ್ಜಿ ಮೂರನೆಯ ದಿನ ಅವಳ ಕೈಹಿಡಿದು, “ಆ ಹುಳವನ್ನಾದ್ರೂ ಉಳಿಸಮ್ಮ” ಎಂದಳು.

ಫ್ರೀಜರಿನಲ್ಲಿ ಉಳಿದಿದ್ದು ಕೀವಿನ ಒಂದೇ ನಳಿಕೆ.

“ಇದೂ ಹೋದ್ರೆ ಬಿಟ್ಟುಬಿಡು,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. ಮೂವತ್ತು ವರ್ಷ ಇದೇ ಕೆಲಸದಲ್ಲಿ ಸವೆದವರು. ಅವರು ಯಾರನ್ನಾದರೂ ಹೊಗಳಿದ್ದನ್ನು ಅಲ್ಲಿನ ಗೋಡೆಗಳೂ ಕೇಳಿರಲಿಲ್ಲ. “ಕೆಲವಕ್ಕೆ ನಮ್ಮ ಕೈಲಿ ಬದುಕೋ ಯೋಗ ಇರಲ್ಲ.”

ಕೊನೆಯ ನಳಿಕೆಯನ್ನು ಬಿತ್ತುವಾಗ ಅವಳ ಕಣ್ಣು ಮಂಜಾಗಿತ್ತು. ಮೊದಲ ತಟ್ಟೆಯಲ್ಲಿ ಚುಕ್ಕಿ ಮೂಡಿದ ಮೇಲೆ, ಅದನ್ನು ಎರಡನೆಯದಕ್ಕೆ ದಾಟಿಸುವ ಮುನ್ನ, ಚುಕ್ಕಿ ಎತ್ತುವ ತಂತಿಗೆ ಅಂಟಿದ ಬೇರೆ ಜೀವಿಗಳು ಸಾಯುವಂತೆ ಅದನ್ನು ಉರಿಯಲ್ಲಿ ಸುಡುವುದನ್ನೇ ಮರೆತಳು. ವಾರದ ನಂತರ ಗಾಳಿಯಿಲ್ಲದ ಜಾಡಿ ತೆರೆದರೆ, ತಟ್ಟೆಯ ನಡುವೆ ದಪ್ಪ ಬಿಳಿ ಗೆರೆ. ಬೆಕ್ಕಿನ ಬಾಯಲ್ಲಿ ಮಾಮೂಲಾಗಿ ಸಿಗುವ ಜೀವಿಯದು. ಕಲಿಯಲು ಬಂದ ಮೊದಲ ವಾರದಲ್ಲೂ ಅವಳು ಇಂಥ ತಪ್ಪು ಮಾಡಿರಲಿಲ್ಲ. ನಾಚಿಕೆಯಿಂದ ಬುಟ್ಟಿಗೆ ಎಸೆಯಲು ಹೋದವಳು ತಡೆದು ನಿಂತಳು. ಬಿಳಿ ಗೆರೆಯ ಎರಡೂ ಬದಿಗೆ ಕಪ್ಪು ಚುಕ್ಕಿಗಳು ಒತ್ತೊತ್ತಾಗಿ, ದುಂಡುದುಂಡಾಗಿ ಎದ್ದಿದ್ದವು. ಗೆರೆಯಿಂದ ಒಂದು ಬೆರಳು ಆಚೆ ಒಂದೂ ಇರಲಿಲ್ಲ.

ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಪಕ್ಕದವರ ಕೈತುತ್ತು ತಿಂದು ಬದುಕುವ ಜೀವವನ್ನು ನಾಲ್ಕು ತಿಂಗಳಿಂದ ಎಳೆದೆಳೆದು ತಂದು, ಫಳಫಳ ಹೊಳೆಯುವ ಖಾಲಿ ಮನೆಯಲ್ಲಿ ಉಪವಾಸ ಕೆಡವಿದ್ದಳು. ಅತಿಯಾದರೆ ಅಮೃತವೂ ವಿಷ ಎಂಬುದು ಅವಳಿಗೆ ಗೊತ್ತಿಲ್ಲದ ಮಾತಲ್ಲ. ಅದು ತನಗೂ ಸೇರಿ ಹೇಳಿದ್ದೆಂದು ಹೊಳೆದಿರಲಿಲ್ಲ, ಅಷ್ಟೇ.

ಬಿಳಿಯದನ್ನು ಬೇರೆಯಾಗಿ ಬೆಳೆಸಿ, ಒಂದು ಜೀವಕೋಶವೂ ಉಳಿಯದಂತೆ ಸೋಸಿ, ಆ ತಿಳಿಯನ್ನು ಹೊಸ ತಟ್ಟೆಗೆ ಬೆರೆಸಿದಳು. ಈ ಸಲ ಕಪ್ಪು ಚುಕ್ಕಿ ತಾನೊಂದೇ ತಟ್ಟೆ ತುಂಬಿತು. ಒಂದು ಭಂಡಾರ ಬೇಗನೆ ಒಪ್ಪಿಕೊಂಡಿತು. ಇನ್ನೊಂದು ಐದು ವಾರ ಜೀವ ಹಿಂಡಿತು. ಕೊನೆಗೊಂದು ಬೆಳಿಗ್ಗೆ ಉತ್ತರ ಬಂತು: ಜೀವಂತವಾಗಿದೆ, ಶುದ್ಧವಾಗಿದೆ, ನೋಂದಾಯಿಸಿದ್ದೇವೆ. ಅವಳು ಅದನ್ನು ಮೂರು ಸಲ ಓದಿ ಗಟ್ಟಿಯಾಗಿಯೇ ಅತ್ತಳು.

ಮುಖ್ಯಸ್ಥರೂ ಓದಿದರು. “ಪಕ್ಕದ್ದರ ತಿಳಿ, ಅಷ್ಟೇನಾ?”

“ಅಷ್ಟೇ ಸಾರ್.”

ಅವರು ಹೋಗಿ, ಫ್ರೀಜರಿನ ತಳದ ಅರೆಯಿಂದ ಹಿಮಗಟ್ಟಿದ ಪೆಟ್ಟಿಗೆಯೊಂದನ್ನು ಎಳೆದು ತಂದರು. ಒಳಗೆ ನೂರಕ್ಕೂ ಮೀರಿ ನಳಿಕೆಗಳು: ಕುದುರೆ, ನರಿ, ಎಮ್ಮೆ, ಮುಂಗುಸಿ. ಚೀಟಿಗಳ ಮೇಲೆ ಅವರದೇ ಹರೆಯದ ಅಕ್ಷರ.

“ಇವೆಲ್ಲ ಶುದ್ಧ ಮಾಡೋವಾಗ ನನ್ನ ಕೈಲಿ ಸತ್ತವು,” ಎಂದರು. “ಬಾಯಿಂದ ತೆಗೆದ ಮೂಲ ಮಾತ್ರ ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಿವೃತ್ತಿಗೆ ಇನ್ನೂ ಎಂಟು ತಿಂಗಳಿದೆ. ನಂಗೂ ಹೇಳ್ಕೊಡ್ತೀಯಾ?”

ಅವಳು ಎಲ್ಲಕ್ಕಿಂತ ಹಳೆಯ ನಳಿಕೆಯನ್ನು ಹುಡುಕಿ ತೆಗೆದು ಅವರ ಅಂಗೈಯಲ್ಲಿಟ್ಟಳು.