ಎಡಗಾಲಿನ ಭರಣಿ

"ಇಪ್ಪತ್ತಮೂರು... ಇಪ್ಪತ್ತನಾಲ್ಕು... ಬಿಡಬೇಡಿ, ಇನ್ನೊಂದೇ ಒಂದು!"

ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಎಣಿಸುತ್ತಿದ್ದಳು. ಮೈದುನ ಗೋಡೆಗೆ ಎರಡೇ ಬೆರಳು ತಾಗಿಸಿ, ಬಲಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ, ದೇವರೇ, ಆ ಒಂದು ತಪ್ಪಲಿ ಎಂದು ಬೇಡಿಕೊಂಡಳು. ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಇಪ್ಪತ್ತೈದೂ ಮುಗಿದಿತ್ತು. ಅವಳದು ಒಂಬತ್ತಕ್ಕೇ ನಿಂತಿತ್ತು.

ಹರಿದದ್ದು ಅವಳದೇ ಮೊದಲು. ಒದ್ದೆ ಮೆಟ್ಟಿಲ ಮೇಲೆ ಜಾರಿದಾಗ, ಹಿಮ್ಮಡಿಯ ಮೇಲಿನ ಹುರಿ ಹಗ್ಗ ಕಿತ್ತ ಹಾಗೆ ಸದ್ದು ಮಾಡಿತ್ತು. ಮೂರು ವಾರದ ಮೇಲೆ ಮೈದುನ ಮಡಕೆ ಸುಡುವ ಆವಿಗೆಯ ಏಣಿಯಿಂದ ಧುಮುಕಿ ಅದೇ ಬಲಗಾಲಿನ ಅದೇ ಹುರಿ ಹರಿದುಕೊಂಡ. ಇಬ್ಬರಿಗೂ ಒಬ್ಬನೇ ಡಾಕ್ಟರು ಹೊಲಿಗೆ ಹಾಕಿದ್ದ. ಹಿಂದೆ ಬಂದವನು ಮುಂದೆ ಹೋದ.

"ನಾನು ದಿನಕ್ಕೆ ಮೂರು ಹೊತ್ತು ಮಾಡ್ತೀನಿ. ಇವನು ಎರಡು ಹೊತ್ತು, ಅದೂ ಆಕಳಿಸ್ಕೊಂಡು," ಎಂದಳು ಅತ್ತಿಗೆ.

"ನಿಮ್ಮ ತಪ್ಪೇನಿಲ್ಲ ಅಕ್ಕ. ನಾನು ನೋಡಿರೋ ಹಾಗೆ ಗಂಡಸರ ಮೀನಖಂಡ ಬೇಗ ಬಲ ಹಿಡಿಯುತ್ತೆ, ಹೆಂಗಸರಿಗೆ ತಡ. ಅವರ ಲೆಕ್ಕ ನೀವು ನೋಡ್ಬೇಡಿ. ಅವಸರ ಮಾಡಿ ಮತ್ತೆ ಹರ್ಕೊಂಡ್ರೆ ಕಷ್ಟ," ಎಂದಳು ಡಾಕ್ಟರಮ್ಮ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇವನಿಗೆ ಮಾತ್ರ ಎರಡೂ ನಿಮಿಷವೇ," ಎಂದಳು ಅತ್ತಿಗೆ. ಮೈದುನ ನಕ್ಕ. ಆ ನಗು ಅವಳ ಹಿಮ್ಮಡಿಗಿಂತ ಹೆಚ್ಚು ನೋಯಿಸಿತು.

ಮನೆಯಲ್ಲಿ ಮಡಕೆ ಮಾಡುವ ತಿಗರಿ ಒಂದೇ. ಕೆಳಗಿನ ಚಕ್ರವನ್ನು ಬಲಗಾಲಲ್ಲಿ ಒದ್ದು ತಿರುಗಿಸುವ ಆ ತಿಗರಿಯ ಮೇಲೆ ಹದಿನೈದು ವರ್ಷದಿಂದ ಅತ್ತಿಗೆಯೇ ಕೂತವಳು. ಮೈದುನ ಮಣ್ಣು ಮಿದ್ದುವವನು, ಆವಿಗೆ ನೋಡಿಕೊಳ್ಳುವವನು. ಅವಳ ಗಂಡ ಮಾಲು ಹೊತ್ತು ಊರೂರು ತಿರುಗುವವನು. ಈಗ ಮುಚ್ಚಳವಿರುವ ನೂರು ಭರಣಿಗೆ ಬೇಡಿಕೆ ಬಂದಿತ್ತು. ಯಜಮಾನಿಕೆಯೆಲ್ಲ ಅತ್ತೆಯದು. ಇಪ್ಪತ್ತೈದು ಸಲ ಹಿಮ್ಮಡಿ ಎತ್ತಿದವರು ಮೊದಲು ಕೂರಲಿ ಎಂದು ಅವರು ಆಗಲೇ ಹೇಳಿಬಿಟ್ಟಿದ್ದರು.

"ನೀನು ಮುಚ್ಚಳ ಒತ್ತು ತಾಯಿ. ಅದೂ ಕೆಲಸವೇ," ಎಂದರು.

ಮೈದುನನ ಮೊದಲ ಭರಣಿ ಕಂಡು ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನಪ್ಪಾ ಇದು, ಭರಣಿಯೋ ಆನೆಕಾಲೋ?"

"ಆನೆ ನಡೆದದ್ದೇ ದಾರಿ ಅತ್ತಿಗೆ," ಎಂದ ಅವನು.

ಎರಡನೆಯ ದಿನ ಆನೆಕಾಲು ಸಣ್ಣದಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅವನು ತಿಗರಿಯ ಮೇಲೆ ಒಂದು ಭರಣಿ ಎತ್ತಿ ನಿಲ್ಲಿಸಿ, "ಊಟ ಮಾಡಿ ಬಂದು ತಂತಿಯಲ್ಲಿ ಕೊಯ್ದು ಇಳಿಸ್ತೀನಿ," ಎಂದು ಎದ್ದುಹೋದ. ಅದರ ಬಾಯಿಯ ಅಂಚು ಹೊರಗೆ ಬಾಗಿ, ತುದಿಯಲ್ಲಿ ತುಸು ಒಳಕ್ಕೆ ಹೊರಳಿತ್ತು. ಆ ಬಾಗು ಅವಳದು. ಯಾರೂ ಕಲಿಸದೆ ಅವಳ ಬೆರಳು ತಾನಾಗಿ ಕಂಡುಕೊಂಡದ್ದು.

ಉಂಡು ಎಲ್ಲರೂ ಒರಗಿದರು. ಅವಳೊಬ್ಬಳು ಬಂದು ತಿಗರಿಯ ಮುಂದೆ ನಿಂತಳು. ಬರೀ ಮುಟ್ಟಿ ನೋಡುವೆನೆಂದೇ ಕೈ ಚಾಚಿದ್ದು. ಹೆಬ್ಬೆರಳು ಅಂಚಿನ ಮೇಲೆ ಕೂತಿತು. ಆಮೇಲೆ ಅಂಗೈ ಕೂತಿತು. ಹಸಿ ಭರಣಿ ಸದ್ದಿಲ್ಲದೆ ಕುಸಿದು ಮುದ್ದೆಯಾಯಿತು.

ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರು. ಮೈದುನ ಏಳುವುದರೊಳಗೆ ಇನ್ನೊಂದು ಎತ್ತಿ ಇಡಬೇಕು. ಮುದ್ದೆಯನ್ನು ಕಸದ ಬಾನಿಗೆ ಹಾಕಿ, ಬೇರೆ ಹಸಿ ಮಣ್ಣು ಕೂರಿಸಿ ಬಲಗಾಲಲ್ಲಿ ಒಮ್ಮೆ ಒದ್ದಳು. ಹಿಮ್ಮಡಿಯಿಂದ ಮೊಣಕಾಲಿನ ತನಕ ಬಿಸಿ ದಾರ ಎಳೆದಂತಾಯಿತು. ಕಾಲು ಎತ್ತಿಕೊಂಡಳು. ದೇವರೇ, ಮಾಡಿದ ಪಾಪಕ್ಕೆ ಇಷ್ಟು ಬೇಗ ಲೆಕ್ಕವೇ?

ಇದ್ದದ್ದು ಎಡಗಾಲು. ಅದರಿಂದ ಒದ್ದಳು. ಚಕ್ರ ತಿರುಗಿತು, ಆದರೆ ತಿರುವುಮುರುವಾಗಿ. ಹದಿನೈದು ವರ್ಷದ ಕೈಗಳು ಹೊಸ ಸೊಸೆಯ ಹಾಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಬಡಿಸಿದವು. ಮೊದಲ ಮುದ್ದೆ ಹಾರಿಬಿತ್ತು. ಎರಡನೆಯದು ಸೊಂಟ ಮುರಿದುಕೊಂಡಿತು. ಒಳಗಿನ ಕೈ ಹೊರಗೆ, ಹೊರಗಿನ ಕೈ ಒಳಗೆ ಬದಲಿಸಿದಳು. ಕಣ್ಣು ಮುಚ್ಚಿದಳು. ಮೂರನೆಯದು ಎದ್ದಿತು, ತೆಳ್ಳಗೆ, ನೆಟ್ಟಗೆ. ಕೊನೆಗೆ ಬಾಯಿ ಬಾಗಿಸಿದಾಗ ತಾನು ಯಾಕೆ ಕೂತದ್ದೆಂಬುದೇ ಅವಳಿಗೆ ಮರೆತುಹೋಗಿತ್ತು.

ಮೈದುನ ಕಣ್ಣುಜ್ಜುತ್ತ ಬಂದಾಗ ಅವಳು ಮೂಲೆಯಲ್ಲಿ ಮುಚ್ಚಳ ಒತ್ತುತ್ತಿದ್ದಳು. ಅವನು ತಂತಿ ಹಿಡಿದು ಭರಣಿಯ ಮುಂದೆ ಬಗ್ಗಿದ. ಒಳಗೆ ಬೆರಳು ಇಳಿಸಿದ. ಒಳಗೋಡೆಯ ಮೇಲೆ ಬೆರಳ ಗೆರೆಗಳು ಸುತ್ತಿಕೊಂಡು ಮೇಲೇರಿದ್ದವು, ಹಲಗೆಯ ಮೇಲಿದ್ದ ಅವನ ಅಷ್ಟೂ ಭರಣಿಗಳ ಗೆರೆಗೆ ಎದುರು ದಿಕ್ಕಿನಲ್ಲಿ. ಬೆರಳು ಅರ್ಧಕ್ಕೆ ನಿಂತಿತು. ಕಸದ ಬಾನಿಯಲ್ಲಿ ಕುಸಿದ ಮುದ್ದೆಗಳಿದ್ದವು. ಒಂದರ ಮೇಲೆ ಅಂಗೈಯ ಗುರುತು ಹಾಗೇ ಇತ್ತು. ಅವನು ಅದನ್ನೂ ನೋಡಿದ.

"ಯಾಕೋ, ಏನು ನೋಡ್ತಿದ್ದೀಯ?" ಅತ್ತೆ ಬಾಗಿಲಿಗೆ ಬಂದರು.

ಅವಳು ಒತ್ತಿದ ಮುಚ್ಚಳವನ್ನೇ ಮತ್ತೆ ಒತ್ತಿದಳು.

"ಏನಿಲ್ಲಮ್ಮ. ಈ ಅಂಚು ನನಗೆ ಇನ್ನೂ ಬಂದಿಲ್ಲ," ಎಂದ.

ಭರಣಿಯನ್ನು ತಂತಿಯಲ್ಲಿ ಕೊಯ್ದು ಹಲಗೆಯ ತುದಿಗೆ ಇಟ್ಟ. ಆಮೇಲೆ ಮಣ್ಣಿನ ರಾಶಿಯ ಮುಂದೆ ಕೂತು, ಹಿಂದಿನ ಹಾಗೆಯೇ ಮಿದ್ದತೊಡಗಿದ. ಭರಣಿಗೆ ಬೇಕಾದಷ್ಟು ಮುದ್ದೆ ಕಟ್ಟಿ ಎದ್ದ. ತಿಗರಿಯ ಪೀಠದಲ್ಲಿ ಮುದ್ದೆಗಳ ಜಾಗ ಯಾವತ್ತೂ ಬಲಗಡೆ, ಒದೆಯುವ ಕಾಲಿನ ಪಕ್ಕಕ್ಕೆ. ಅವನು ಸುತ್ತು ಬಳಸಿ ಹೋಗಿ, ಒಂದೊಂದಾಗಿ, ಎಡಗಡೆ ಸಾಲಾಗಿ ಇಟ್ಟ.