ಒಗಟಿನೊಳಗೆ ಬಚ್ಚಿಟ್ಟ ಇಮೇಲ್

ಇಮೇಲ್ ಬಂದರೆ ಉತ್ತರ ಬರೆಯದೆ ಬಿಡುವ ಜಾಯಮಾನ ಮಾರೇನಹಳ್ಳಿಯ ವಿಮಲಮ್ಮನದಲ್ಲ. ಬಾಗಿಲಿಗೆ ಬಂದವರಿಗೆ ನೀರು ಕೊಡದೆ ಕಳಿಸಿದವರೇ ಅಲ್ಲ ಅವರು. ಹಾಗಿರುವಾಗ ಯಾವುದೋ ದೇಶದಿಂದ ಕಷ್ಟಪಟ್ಟು ಬರೆದವರನ್ನು ಕಡೆಗಣಿಸುವುದುಂಟೆ? ಸತ್ತ ಗಂಡನ ಕೋಟಿಗಟ್ಟಲೆ ಆಸ್ತಿಯನ್ನು ನಿಮಗೇ ಕೊಡುತ್ತೇನೆಂದ ವಿದೇಶದ ಹೆಂಗಸಿಗೆ "ಸಮಾಧಾನ ಮಾಡ್ಕೊ ತಾಯಿ, ಕೋಲಾಟ ಕಲಿ, ಮನಸ್ಸು ಹಗುರಾಗತ್ತೆ" ಎಂದು ಬರೆದರು. ತೂಕ ಇಳಿಸುವ ಮಾತ್ರೆ ಮಾರುವವನಿಗೆ "ನಮ್ಮ ತಂಡದಲ್ಲಿ ಹೆಂಗಸರಿಗೆ ಮಾತ್ರ ಜಾಗ, ತಪ್ಪು ತಿಳೀಬೇಡಿ" ಎಂದರು. ಒಂದು ಉತ್ತರ ಹೋದರೆ ಹತ್ತು ಹೊಸ ಮೇಲ್ ಬಂದು ಬೀಳುತ್ತಿದ್ದವು.

ಇಷ್ಟಕ್ಕೂ ಆ ಇಮೇಲ್ ಅಡ್ರೆಸ್ ಹಾಕಿದ್ದ ಕೋಲಾಟ ತಂಡದ ವೆಬ್‌ಸೈಟ್ ಆಗಿದ್ದು ಒಬ್ಬಳೇ ಒಬ್ಬಳು ಹೆಂಗಸಿಗಾಗಿ. ಕೋಲಾಟಕ್ಕೆ ಜೋಡಿ ಬೇಕು. ಎಂಟು ಜನರಿದ್ದ ತಂಡದಿಂದ ಯಶೋದಮ್ಮ ಮಗಳ ಬಾಣಂತನಕ್ಕೆಂದು ತುಮಕೂರಿಗೆ ಹೋದವರು ಮೊಮ್ಮಗುವನ್ನು ಬಿಟ್ಟು ಬರಲಾರದೆ ಅಲ್ಲೇ ಉಳಿದುಬಿಟ್ಟರು. ಉಳಿದ ಏಳರಲ್ಲಿ ಯಾರೋ ಒಬ್ಬರು ಹೊರಗೆ ನಿಲ್ಲಲೇಬೇಕಲ್ಲ, ತಂಡ ಕಟ್ಟಿದ ವಿಮಲಮ್ಮನೇ ನಿಂತರು. ಪಕ್ಕದಲ್ಲಿ ನಿಂತು ಪದ ಹೇಳಿಕೊಡುವಾಗ ಅವರ ಕೈ ತನ್ನಷ್ಟಕ್ಕೆ ತಾನೇ ಎದ್ದು ಗಾಳಿಗೆ ಬೀಸುತ್ತಿತ್ತು. ಚಂದ್ರಾ ಲೇಔಟಿನ ರಾಜ್ಯೋತ್ಸವಕ್ಕೆ ಕರೆ ಬಂದಿತ್ತು. ಅಷ್ಟರೊಳಗೆ ಎಂಟನೆಯವಳು ಸಿಗದಿದ್ದರೆ ವೇದಿಕೆಯ ಮೇಲೂ ಹೀಗೇ ಮೂಲೆಯಲ್ಲಿ ನಿಲ್ಲಬೇಕು. ಅದನ್ನು ನೆನೆದರೆ ಅವರಿಗೆ ಅಳುವೇ ಬರುತ್ತಿತ್ತು.

ಹೆಗ್ಗನಹಳ್ಳಿಯ ಒಬ್ಬಾಕೆ ಸೇರುತ್ತೇನೆಂದು ಮೇಲ್ ಬರೆದೂ ಇದ್ದಳು. ಲಾಟರಿ, ಲೋನು, ಮಾತ್ರೆಗಳ ರಾಶಿಯಲ್ಲಿ ಅದು ವಿಮಲಮ್ಮನ ಕಣ್ಣಿಗೆ ಬೀಳುವ ಹೊತ್ತಿಗೆ ಆಕೆ ಬೇರೆ ತಂಡಕ್ಕೆ ಸೇರಿಯಾಗಿತ್ತು.

ಅವತ್ತು ಸೊಸೆ ದಿವ್ಯ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತಳು. ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ.

"ಅತ್ತೆ, ಅಡ್ರೆಸ್ ಹಂಗೇ ಬರೆದಿಟ್ರೆ ಕಂಪ್ಯೂಟರ್ ಪ್ರೋಗ್ರಾಮ್‌ಗಳು ಬಂದು ಎತ್ಕೊಂಡು ಹೋಗ್ತವೆ. ಅದ್ಕೇ ಈ ಕಸ ಎಲ್ಲಾ. ಹೊಸ ಅಡ್ರೆಸ್ ಮಾಡ್ಕೊಡ್ತೀನಿ. ಮನುಷ್ಯರಿಗೆ ಗೊತ್ತಾಗ್ಬೇಕು, ಮಿಷಿನ್ನಿಗೆ ಗೊತ್ತಾಗ್ಬಾರ್ದು, ಹಂಗೆ ಬರಿಯೋಣ. ಮಧ್ಯೆ ಬರೋ @ ಗುರುತಿನ ಬದ್ಲು 'ಅಟ್ ದ ರೇಟ್' ಅಂತ ಅಕ್ಷರದಲ್ಲೇ ಹಾಕಿದ್ರಾಯ್ತು."

"ಅಟ್ ದ ರೇಟ್ ಅಂದ್ರೆ ಏನ್ ರೇಟು ಅಂತ ಕೇಳ್ತಾರೆ ಕಣೇ. ನಾವೇನ್ ತರಕಾರಿ ಮಾರ್ತೀವಾ? ತಡಿ, ನಾನು ಹೇಳ್ತೀನಿ, ಬರ್ಕೋ."

ಹೊಸ ಅಡ್ರೆಸ್ಸಿನ ಹೆಸರು 'ಜೋಡಿಕೋಲು'. ಆದರೆ ವೆಬ್‌ಸೈಟಿನಲ್ಲಿ ಆ ಹೆಸರೇ ಇರಲಿಲ್ಲ. "ಒಂದೇ ಇದ್ದರೆ ಬಾಯಿಲ್ಲ, ಎರಡಾದರೆ ಬಾಯಿ ನಿಲ್ಲಲ್ಲ. ಏನು ಹೇಳಿ? ಉತ್ತರವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆದು, ಮುಂದೆ ಜಿಮೇಲ್ ಸೇರಿಸಿ" ಎಂದು ವಿಮಲಮ್ಮ ಹೊಸೆದ ಒಗಟು ಮಾತ್ರ ಇತ್ತು. ಒಗಟು ಬಿಡಿಸದವಳು ಕೋಲಾಟದ ಪದ ಏನು ತಾನೇ ಕಲಿತಾಳು ಎಂಬುದು ಅವರ ವಾದ. ದಿವ್ಯ ಏನೋ ಹೇಳಲು ಬಾಯಿ ತೆರೆದಳು, ಅತ್ತೆಯ ಮುಖದ ಉತ್ಸಾಹ ನೋಡಿ ಅವರು ಹೇಳಿದ್ದನ್ನೇ ಟೈಪ್ ಮಾಡಿದಳು.

ಉಪಾಯ ಫಲಿಸಿತು. ಬೇಕಾದ್ದಕ್ಕಿಂತ ಜಾಸ್ತಿಯೇ ಫಲಿಸಿತು! ಲಾಟರಿ ನಿಂತಿತು, ಲೋನು ನಿಂತಿತು, ಅದರ ಜೊತೆಗೆ ಮನುಷ್ಯರೂ ನಿಂತುಹೋದರು. ವಿಮಲಮ್ಮ ಹೊತ್ತುಹೊತ್ತಿಗೆ ಫೋನ್ ತೆಗೆದು ನೋಡುವುದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡುವುದು. ಆ ವಿದೇಶದ ವಿಧವೆಯಾದರೂ ಒಂದು ಸಾಲು ಬರೆಯಬಾರದೆ ಅನ್ನಿಸುವಷ್ಟು ಬೇಸರವಾಯಿತು.

"ನಮ್ಮ ಕೆಂಗೇರಿ ಅತ್ತಿಗೆ 'ಚಪ್ಪಾಳೆ' ಅಂತ ಹಾಕಿದ್ರಂತೆ ವಿಮಲಕ್ಕ, ಮೇಲ್ ವಾಪಸ್ ಬಂತಂತೆ" ಎಂದು ತಂಡದ ಸೀತಾ ವರದಿ ಒಪ್ಪಿಸಿದಳು. ಕರೆಸು ಎಂದರೆ, ಅವರು ಮುನಿಸಿಕೊಂಡು ಯೋಗಕ್ಕೆ ಸೇರಿದರಂತೆ. ಪೇಪರಿನಿಂದ ತಲೆ ಎತ್ತದೆ ಗಂಡ ಚನ್ನಕೇಶವ, "ನಾನಾಗಿದ್ರೆ 'ಅತ್ತೆ ಸೊಸೆ' ಅಂತ ಹಾಕ್ತಿದ್ದೆ ನೋಡು" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

"ನೀವು ಸುಮ್ನಿರಿ. ನಮ್ಮ ಸೊಸೆ ಎಲ್ಲಿ ಬಾಯಿ ಬಿಡ್ತಾಳೆ?" ಎಂದರು ವಿಮಲಮ್ಮ.

ರಾಜ್ಯೋತ್ಸವ ಹತ್ತಿರವಾದ ಒಂದು ಭಾನುವಾರ ಬೆಳಿಗ್ಗೆ, ತಂಡದವರು ಮೇಲೆ ಟೆರೇಸಿನಲ್ಲಿ ಸೇರುತ್ತಿದ್ದಾಗ, ಫೋನು ಟಿಣ್ ಎಂದಿತು. ಹೊಸ ಅಡ್ರೆಸ್ಸಿಗೆ ಮೊದಲ ಮೇಲ್. ವಿಮಲಮ್ಮ ಮೆಟ್ಟಿಲ ಮೇಲೇ ಕೂತರು. ಕಳಿಸಿದವರ ಹೆಸರು ದಿವ್ಯ. ಸರಿಹೋಯಿತು, ಮೇಲ್ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೇ ಅದನ್ನು ತೆರೆದರು.

"ಅತ್ತೆ, ಒಗಟಿನ ಉತ್ತರ ನಂಗೆ ಮೊದಲೇ ಗೊತ್ತಿತ್ತು, ಅದು ಮೋಸಾನೇ. ಆದ್ರೂ ಕೇಳ್ತೀನಿ. ನಾನು ತಂಡಕ್ಕೆ ಬರ್ಲಾ? ಆಫೀಸಿನ ಹುಡುಗೀರಿಗೆ ಕೋಲು ಹಿಡಿಯೋಕಾಗಲ್ಲ ಅಂತ ನೀವು ಎಲ್ಲರ ಹತ್ರ ಹೇಳ್ತಿದ್ರಿ, ಎದುರಿಗೆ ಕೇಳೋಕೆ ಧೈರ್ಯ ಬರ್ಲಿಲ್ಲ. ನೀವೆಲ್ಲ ಮೇಲೆ ಆಡುವಾಗ ನಾನು ಅಡುಗೆಮನೇಲಿ ಎರಡು ಮರದ ಸೌಟು ಹಿಡ್ಕೊಂಡು ಆಡ್ತೀನಿ. ಎಲ್ಲಾ ಪದಾನೂ ಬರತ್ತೆ."

ವಿಮಲಮ್ಮ ಎರಡು ಸಲ ಓದಿದರು. ಹೆಗ್ಗನಹಳ್ಳಿ, ಕೆಂಗೇರಿ ಅಂತ ಊರೆಲ್ಲ ಹುಡುಕಿದ್ದಾಯಿತು, ಪಕ್ಕದಲ್ಲೇ ಕೂತು ಅಡ್ರೆಸ್ ಮಾಡಿಕೊಟ್ಟವಳನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ, ತಡೆಯಲಾಗದಷ್ಟು ಸಂತೋಷವೂ ಆಯಿತು.

ಉತ್ತರ ಬರೆಯಲು ಬೆರಳು ಎತ್ತಿದವರು ಬಿಟ್ಟರು. ಬರೆಯುವಷ್ಟು ತಾಳ್ಮೆ ಯಾರಿಗಿದೆ! ಸೆರಗು ಸಿಕ್ಕಿಸಿಕೊಂಡು ದಡದಡ ಇಳಿದು ಅಡುಗೆಮನೆಗೆ ನುಗ್ಗಿದರು. ದಿವ್ಯ ಉಪ್ಪಿಟ್ಟಿಗೆ ರವೆ ಹುರಿಯುತ್ತಾ, ಬಾಗಿಲ ಕಡೆ ತಿರುಗುವ ಧೈರ್ಯವಿಲ್ಲದೆ ನಿಂತಿದ್ದಳು.

"ಸ್ಟವ್ ಆರ್ಸು" ಎಂದರು ವಿಮಲಮ್ಮ.

"ಅತ್ತೆ, ತಿಂಡಿ..."

"ತಿಂಡಿ ನಿಮ್ಮ ಮಾವ ಮಾಡ್ತಾರೆ. ನಡಿಯೇ, ನನ್ನ ಎದುರಿಗೆ ನಿಂತ್ಕೋ."

ಟೆರೇಸಿನ ಮೇಲೆ ನಾಲ್ಕು ಜೋಡಿ ನಿಂತಿತು. ಸೀತಾ ಪದ ಎತ್ತಿದಳು. ಮೊದಲ ಸುತ್ತಿನಲ್ಲೇ ದಿವ್ಯಳ ಏಟು ಎಷ್ಟು ಖಡಕ್ಕಾಗಿ ಬಂತೆಂದರೆ ವಿಮಲಮ್ಮನ ಕೈಯೆಲ್ಲ ಜುಮ್ಮೆಂದಿತು. "ಮೆಲ್ಲಗೆ ಕಣೇ, ಸೌಟಲ್ಲ ಇದು" ಎನ್ನುತ್ತಾ ಅವರು ಮುಂದಿನ ಏಟಿಗೆ ಕೋಲು ಎತ್ತಿದರು.