ಲೋಟದ ಕೆಳಗಿನ ಚೀಟಿ

ನಾನು ಒಂದು ಮೈಕ್ರೋಮೀಟರ್. ನನ್ನ ಬಡ ನೆಂಟರನ್ನು ನೀವು ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಎಂಬ ಹೆಸರಿನಲ್ಲಿ ಕಂಡಿರುತ್ತೀರಿ. ಕುದುರೆ ಲಾಳದಂಥ ಉಕ್ಕಿನ ಮೈ, ಎರಡು ದವಡೆ, ಗೀಟು ಕೊರೆದ ಒಂದು ತೋಳು, ಅದರ ಮೇಲೆ ತಿರುಗುವ ಒಂದು ಉರುಳೆ. ಇಷ್ಟೇ ನಾನು. ದವಡೆಯ ನಡುವೆ ಏನಿಟ್ಟರೂ ಅದರ ಅಳತೆಯನ್ನು ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ಹೇಳುತ್ತೇನೆ. ಬೇರೆ ವಿದ್ಯೆ ನನಗೆ ಬಾರದು. ಹಾಗಾಗಿ ನನ್ನೆದುರು ಯಾರಾದರೂ ‘ಸುಮಾರು’ ಎಂದರೆ ನನಗೆ ಮೈ ಉರಿಯುತ್ತದೆ.

ನಾನು ಹುಟ್ಟಿದ್ದು ಅಳತೆಯ ಉಪಕರಣಗಳ ಒಂದು ಕಾರ್ಖಾನೆಯಲ್ಲಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರು, ಎಣ್ಣೆಯಲ್ಲಿ ಅದ್ದಿದರು, ವಾರಗಟ್ಟಲೆ ಉಜ್ಜಿದರು. ಕೊನೆಗೆ ದಪ್ಪ ಕನ್ನಡಕದ ಹೆಂಗಸೊಬ್ಬಳು ನನ್ನ ದವಡೆ ಮುಚ್ಚಿ, ಭೂತಗನ್ನಡಿ ಹಿಡಿದು ಸೊನ್ನೆಯ ಮೇಲೆ ಸೊನ್ನೆ ಕೂತಿದೆಯೇ ಎಂದು ನೋಡಿ, ‘ಸರಿ’ ಎಂದಳು. ಹುಟ್ಟಿದ ದಿನವೇ ಆ ಮಾತು ಕೇಳಿದವರು ಎಷ್ಟು ಜನ ಇದ್ದಾರೆ? ನನಗೆ ಸ್ವಲ್ಪ ಜಂಬ ಬಂದದ್ದು ಆಗಲೇ.

ಅಲ್ಲಿಂದ ನನ್ನನ್ನು ಒಂದು ದೊಡ್ಡ ವಿದ್ಯಾಸಂಸ್ಥೆಗೆ ಕಳುಹಿಸಿದರು. ಹೆಸರು ಬೇಡ. ಅಲ್ಲಿನ ವಿದ್ಯಾರ್ಥಿಗಳು ಹುಡುಗರಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆಗಳಲ್ಲಿ ಹಲವು ವರ್ಷ ದುಡಿದ ಅಧಿಕಾರಿಗಳು. ಶಸ್ತ್ರಾಸ್ತ್ರ ವ್ಯವಸ್ಥೆಗಳ ಎಂಜಿನಿಯರಿಂಗಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದಲು ಬಂದವರು. ಗಡಿಯಲ್ಲಿ ಗುಂಡಿನ ಸದ್ದಿಗೆ ಅಂಜದವರು ಇಲ್ಲಿ ಗಣಿತದ ಪರೀಕ್ಷೆಯ ಹಿಂದಿನ ದಿನ ಊಟ ಬಿಡುತ್ತಿದ್ದರು. ಮೊದಲ ದಿನವೇ ಪ್ರಾಧ್ಯಾಪಕರು, ನಿಮ್ಮ ಹುದ್ದೆಯನ್ನು ಗೇಟಿನ ಹೊರಗೆ ಬಿಟ್ಟು ಬನ್ನಿ ಎಂದು ಹೇಳುತ್ತಿದ್ದರು. ಎಲ್ಲರೂ ಎದ್ದು ನಿಂತು ‘ಯೆಸ್ ಸರ್’ ಎನ್ನುತ್ತಿದ್ದರು. ಆಮೇಲೆ ಹಿರಿಯರು ಮುಂದಿನ ಬೆಂಚಿನಲ್ಲೂ ಕಿರಿಯರು ಹಿಂದಿನ ಬೆಂಚಿನಲ್ಲೂ ಕೂರುತ್ತಿದ್ದರು.

ಪ್ರಯೋಗಾಲಯದಲ್ಲಿ ನನ್ನ ಯಜಮಾನ ಬಸಲಿಂಗಪ್ಪ. ಸವದತ್ತಿ ಕಡೆಯವನು, ಫಿರಂಗಿ ದಳದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಇಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅವನು ನನ್ನನ್ನು ತಿರುಗಿಸುತ್ತಿದ್ದ ರೀತಿಯೇ ಬೇರೆ. ತುದಿಯ ಗುಬುಟು ಮೂರು ಸಲ ಕಟ್ ಕಟ್ ಕಟ್ ಎಂದೊಡನೆ ನಿಲ್ಲಿಸುವನು. ಎರಡೂ ಅಲ್ಲ, ನಾಲ್ಕೂ ಅಲ್ಲ. ಎಷ್ಟೋ ದೊಡ್ಡ ಅಧಿಕಾರಿಗಳು ನನ್ನನ್ನು ನಲ್ಲಿಯಂತೆ ತಿರುಚಿದ್ದಾರೆ. ಅವನು ಒಂದು ದಿನವೂ ನೋಯಿಸಲಿಲ್ಲ.

ನನ್ನ ಕೆಲಸ ತಾಮ್ರದ ಚೂರುಗಳನ್ನು ಅಳೆಯುವುದು. ಫಿರಂಗಿಯೊಳಗೆ ಮದ್ದು ಉರಿದಾಗ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ತಿಳಿಯಲು ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ತಾಮ್ರದ ಉರುಟು ತುಂಡು ಇಡುತ್ತಾರೆ. ಗುಂಡು ಹಾರಿದಾಗ ಒತ್ತಡಕ್ಕೆ ಅದು ಕುಗ್ಗುತ್ತದೆ. ತಾಮ್ರ ಹೆಚ್ಚು ಕುಗ್ಗಿದ್ದರೆ ಒತ್ತಡ ಹೆಚ್ಚು, ಅಪಾಯವೂ ಹೆಚ್ಚು. ಎಷ್ಟು ಕುಗ್ಗಿದೆ ಎಂದು ಹೇಳುವವನು ನಾನು.

ಅಳೆಯುವುದಕ್ಕೆ ಬಸಲಿಂಗಪ್ಪ ಒಂದು ಕಟ್ಟುಪಾಡು ಮಾಡಿದ್ದ. ಪ್ರತಿ ತಾಮ್ರವನ್ನೂ ಇಬ್ಬರು ಓದಬೇಕು. ಮೊದಲನೆಯವನು ಓದಿದ್ದನ್ನು ಬಾಯಿಬಿಟ್ಟು ಹೇಳಬಾರದು. ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಸ್ಟೀಲಿನ ಲೋಟ ಕವುಚಬೇಕು. ಅಷ್ಟೂ ಹೊತ್ತು ಎರಡನೆಯವನು ಕಿಟಕಿಯ ಕಡೆ ಮುಖ ಮಾಡಿ ನಿಂತಿರಬೇಕು. ಆಮೇಲೆ ಅವನು ಬಂದು ತನ್ನ ಓದನ್ನು ಬರೆದ ಮೇಲೆಯೇ ಲೋಟ ಎತ್ತುವುದು. ಹೊಸಬರಿಗೆ ಇದು ಮಕ್ಕಳಾಟದಂತೆ ಕಾಣುತ್ತಿತ್ತು. ಅವನು ನಗದೆ ಹೇಳುತ್ತಿದ್ದ: “ಕಣ್ಣು ಎರಡು ಜೋಡಿ ಬೇಕ್ರಿ ಸರ. ಕಿವಿ ಒಂದೂ ಬ್ಯಾಡ.”

ಈಗ ನನ್ನ ಮೈಯಲ್ಲೇ ಇರುವ ಒಂದು ಮೋಸದ ಬಗ್ಗೆ ಹೇಳಿಬಿಡಬೇಕು. ನನ್ನ ಉರುಳೆ ಒಂದು ಸುತ್ತು ತಿರುಗಿದರೆ ಅರ್ಧ ಮಿಲಿಮೀಟರ್. ಸುತ್ತು ಇನ್ನೇನು ಮುಗಿಯಬೇಕು ಎನ್ನುವಾಗ, ಮುಂದಿನ ಗೀಟು ಅದರ ಅಂಚಿನಲ್ಲಿ ಸಣ್ಣಗೆ ಇಣುಕುತ್ತದೆ. ಅದು ಲೆಕ್ಕಕ್ಕೆ ಬಂದ ಗೀಟಲ್ಲ, ಬರಲಿರುವ ಗೀಟು. ಅವಸರದ ಕಣ್ಣು ಅದನ್ನೂ ಸೇರಿಸಿಕೊಂಡರೆ ಅಳತೆ ಸರಿಯಾಗಿ ಅರ್ಧ ಮಿಲಿಮೀಟರ್ ಹೆಚ್ಚಾಗುತ್ತದೆ.

ಆ ವರ್ಷ ಇಬ್ಬರು ಒಟ್ಟಿಗೆ ಪ್ರಬಂಧದ ಕೆಲಸ ಮಾಡುತ್ತಿದ್ದರು. ಒಬ್ಬರು ಹಾಸನದ ಲೆಫ್ಟಿನೆಂಟ್ ಕರ್ನಲ್ ಚನ್ನಕೇಶವ. ಇನ್ನೊಬ್ಬಳು ಹಾವೇರಿಯ ಕ್ಯಾಪ್ಟನ್ ನಂದಿತಾ. ಮರುಭೂಮಿಯ ಬಿಸಿಲಿನಲ್ಲಿ ಕಾದ ಮದ್ದು ಹೇಗೆ ಉರಿಯುತ್ತದೆ ಎಂಬುದು ಅವರ ವಿಷಯ. ಕರ್ನಲ್ ಒಳ್ಳೆಯ ಮನುಷ್ಯ. ಸಂಖ್ಯಾಶಾಸ್ತ್ರದಲ್ಲಿ ಆಕೆ ಕೈಚೆಲ್ಲಿ ಕೂತಿದ್ದಾಗ ಒಂದು ತಿಂಗಳು ದಿನವೂ ಕೂರಿಸಿಕೊಂಡು ಕಲಿಸಿದ್ದರು. ಅವರು ಕೆಟ್ಟವರಾಗಿದ್ದರೆ ಆಕೆ ಅಂದು ಎದುರು ಮಾತಾಡುತ್ತಿದ್ದಳೋ ಏನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಏಳು ಗುಂಡು ಹಾರಿಸಿ ಏಳು ತಾಮ್ರ ತಂದಿದ್ದರು. ಐದನ್ನು ಅಳೆದಾಗಿತ್ತು. ಐದೂ ಸುಮಾರು ಹತ್ತೂವರೆ ಮಿಲಿಮೀಟರ್. ಈ ಒಂದು ಸಲ ನಾನೇ ಸುಮಾರು ಎಂದದ್ದಕ್ಕೆ ಕ್ಷಮಿಸಿ. ಬಸಲಿಂಗಪ್ಪ ಪಕ್ಕದ ಕೋಣೆಯಲ್ಲಿ ಫಿರಂಗಿಯ ಬಿಡಿಭಾಗಗಳಿಗೆ ಎಣ್ಣೆ ಹಾಕುತ್ತಿದ್ದ. ಕರ್ನಲ್ ಆರನೆಯ ತಾಮ್ರವನ್ನು ನನ್ನ ದವಡೆಗೆ ಕೊಟ್ಟರು. ಅದು ಉಳಿದವುಗಳಂತೆ ಇರಲಿಲ್ಲ. ವಿಪರೀತ ಕುಗ್ಗಿತ್ತು. ನಾನು ಒಂಬತ್ತು ಪಾಯಿಂಟ್ ಒಂಬತ್ತು ಎಂಟು ಎಂದೆ. ಆದರೆ ಹತ್ತರ ಗೀಟು ಅಂಚಿನಲ್ಲಿ ಇಣುಕುತ್ತಿತ್ತು, ಕರ್ನಲ್ಲರ ತಲೆಯಲ್ಲಿ ಹತ್ತೂವರೆ ಆಗಲೇ ಕೂತಿತ್ತು. ಚೀಟಿ ಬರೆದು ಲೋಟಕ್ಕೆ ಕೈಹಾಕಿದರು. ಲೋಟದಲ್ಲಿ ಅವರೇ ಅರ್ಧ ಕುಡಿದಿಟ್ಟ ಚಹಾ ಇತ್ತು.

“ಹತ್ತು ಪಾಯಿಂಟ್ ನಾಲ್ಕು ಎಂಟು,” ಎಂದು ಬಾಯಿಬಿಟ್ಟು ಹೇಳಿದರು. “ನೀನೂ ಒಂದ್ಸಲ ನೋಡ್ಬಿಡಮ್ಮ, ಊಟಕ್ಕೆ ಹೊತ್ತಾಯ್ತು.”

ನಂದಿತಾ ಕಿಟಕಿಯಿಂದ ಬಂದು ನನ್ನನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಹಿಡಿದಳು. ಅವಳ ಕಣ್ಣು ಹತ್ತರ ಗೀಟಿನ ಮೇಲೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ನಿಂತಿತು. ಅವಳು ಸರಿಯಾಗಿಯೇ ಓದಿದಳು. ಅದು ನನಗೆ ಗೊತ್ತು, ಏಕೆಂದರೆ ಅವಳ ಹೆಬ್ಬೆರಳು ನನ್ನ ಮೇಲೆ ಬಿಗಿಯಾಯಿತು. ಹೇಳು ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಮಾತು, ಇನ್ನೊಮ್ಮೆ ನೋಡೋಣ ಸರ್ ಎಂದರೂ ಸಾಕಿತ್ತು.

“ಹತ್ತು ಪಾಯಿಂಟ್ ನಾಲ್ಕು ಎಂಟು, ಸರ್,” ಎಂದಳು.

ಇಬ್ಬರೂ ಸಹಿ ಹಾಕಿ ಊಟಕ್ಕೆ ಹೋದರು. ಪ್ರಬಂಧಕ್ಕೆ ಮೆಚ್ಚುಗೆ ಬಂತು. ಆ ಮದ್ದು ಎಷ್ಟು ಕಾದರೂ ಒತ್ತಡ ಮಿತಿ ಮೀರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದೇ ಭರವಸೆಯ ಮೇಲೆ ಆರು ವಾರದ ನಂತರ ಅದೇ ಮದ್ದನ್ನು ಇನ್ನೂ ಸ್ವಲ್ಪ ಹೆಚ್ಚು ಕಾಯಿಸಿ ಹಾರಿಸಲು ಹೊರಟರು. ಬಸಲಿಂಗಪ್ಪ ಕಾಂಕ್ರೀಟ್ ಗೋಡೆಯ ಹಿಂದೆ ನಿಂತು, ಗೋಡೆಯ ಕಿಂಡಿಯಿಂದ ಹಾದುಬಂದ ಹಗ್ಗವನ್ನು ಎಳೆದ. ಫಿರಂಗಿಯ ಹಿಂಬದಿ ಒಡೆದು ಹಾರಿತು. ಒಂದು ಚೂರು ಕಿಂಡಿಗೆ ಬಂದು ಬಡಿಯಿತು. ಹಗ್ಗ ಹಿಡಿದಿದ್ದ ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಹೋದವು.

ವಿಚಾರಣೆ ನಡೆಯಿತು. ಹಳೆಯ ತಾಮ್ರಗಳನ್ನೆಲ್ಲ ಬೇರೊಂದು ಹೊಸ ಉಪಕರಣದಲ್ಲಿ ಅಳೆದರು. ಆರನೆಯದು ಒಂಬತ್ತು ಪಾಯಿಂಟ್ ಒಂಬತ್ತು ಎಂಟು ಎಂದು ಬಂತು. ಪ್ರಬಂಧದಲ್ಲಿ ಬೇರೆ ಇದೆಯಲ್ಲ ಎಂದು ಕೇಳಿದರು. ನಾವಿಬ್ಬರೂ ಬೇರೆಬೇರೆಯಾಗಿ ಓದಿದೆವು, ಇಬ್ಬರಿಗೂ ಒಂದೇ ಬಂತು ಎಂದು ಕರ್ನಲ್ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದರು. ನಂದಿತಾಳನ್ನು ಕೇಳಿದರು. ಅವಳು ಹೌದು ಸರ್ ಎಂದಳು.

ಇಬ್ಬರು ಅಧಿಕಾರಿಗಳ ಓದು ಒಂದೇ ಆಗಿರುವಾಗ ತಪ್ಪು ಯಾರದು? ಉಳಿದವನು ನಾನೊಬ್ಬನೇ. ‘ಉಪಕರಣ ಸವೆದಿದೆ, ನಂಬಲರ್ಹವಲ್ಲ’ ಎಂದು ಬರೆದರು. ನನ್ನ ಲಾಳದ ಮೇಲೆ ಕೆಂಪು ಬಣ್ಣದ ಒಂದು ಪಟ್ಟಿ ಎಳೆದರು. ಹುಟ್ಟಿದ ದಿನ ‘ಸರಿ’ ಅನ್ನಿಸಿಕೊಂಡವನು ನಾನು. ಆ ಅವಮಾನ ನನ್ನನ್ನು ಸುಟ್ಟಿತು.

ಬಸಲಿಂಗಪ್ಪ ಆಸ್ಪತ್ರೆಯಿಂದ ಬಂದ ದಿನ ಮೊದಲು ಹುಡುಕಿದ್ದು ನನ್ನನ್ನು. ಎಡಗೈಯಲ್ಲಿ ತಡವರಿಸುತ್ತ ನನ್ನ ದವಡೆ ಮುಚ್ಚಿದ. ಸೊನ್ನೆಯ ಮೇಲೆ ಸೊನ್ನೆ ಕೂತಿತು. ವಿಚಾರಣೆ ಮುಗಿದು ಹಿಂದಿರುಗಿದ್ದ ಆರನೆಯ ತಾಮ್ರವನ್ನು ಅಳೆದ. ಬಂದ ಅಂಕಿಯನ್ನು ಪ್ರಬಂಧದ ಅಂಕಿಯಿಂದ ಕಳೆದ. ಸರಿಯಾಗಿ ಅರ್ಧ ಮಿಲಿಮೀಟರ್ ಉಳಿಯಿತು. ಅವನನ್ನು ನೋಡಲು ಬಂದ ನಂದಿತಾ ಬಾಗಿಲಲ್ಲೇ ನಿಂತಳು.

“ಸವದಿದ್ರ ಕೂದಲೆಳಿಯಷ್ಟು ತಪ್ಪತಿತ್ರಿ ಮೇಡಂ,” ಎಂದ ಅವನು. “ಇದು ಸರಿಯಾಗಿ ಒಂದು ಸುತ್ತು ತಪ್ಪೇತಿ. ಸುತ್ತು ತಪ್ಪೂದು ಕಣ್ಣಿಗ್ರಿ, ಕಬ್ಬಿಣಕ್ಕಲ್ಲ.”

ಅವಳು ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. “ನಾ ಸರಿ ನೋಡಿದ್ದೆ ಬಸಲಿಂಗಪ್ಪನವ್ರ. ಸರ್ ಹೇಳಿದ್ದನ್ನ ಹೇಳಿದೆ.”

“ಹಂಗಾರ ಬರದು ಕೊಡ್ರಿ. ನನ್ನ ಬೆರಳು ಬರಾಂಗಿಲ್ಲ. ಖರೇ ಏನಂತ ಮುಂದ ಬರೋರಿಗೆ ಗೊತ್ತಾಗ್ಲಿ.”

ಬರೆದುಕೊಡುತ್ತೇನೆ ಎಂದು ಅವಳು ಒಪ್ಪಿಕೊಂಡಳು. ಕಣ್ಣೀರು ಒರೆಸಿಕೊಂಡಳು. ಮುಂದಿನ ವಾರ ಅವಳಿಗೆ ಈಶಾನ್ಯದ ಕಡೆ ವರ್ಗವಾಯಿತು. ಬರೆಯದೆ ಹೋದಳು. ಬಸಲಿಂಗಪ್ಪ ಒಂದು ತಿಂಗಳು ಟಪಾಲು ಬಂದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದ. ಆಮೇಲೆ ನೋಡುವುದನ್ನು ಬಿಟ್ಟ.

ಕೆಂಪು ಪಟ್ಟಿ ಬಿದ್ದ ಸಾಮಾನು ಗುಜರಿಗೆ ಹೋಗಬೇಕು. ನಿವೃತ್ತಿಯ ದಿನ ಅವನು ಹಾಗೆ ಮಾಡಲಿಲ್ಲ. ಆರನೆಯ ತಾಮ್ರವನ್ನು ನನ್ನ ದವಡೆಗೆ ಕೊಟ್ಟು, ಮೂರು ಸಲ ಕಟ್ ಎನ್ನಿಸಿ, ದವಡೆ ಅಲುಗದಂತೆ ನನ್ನ ಕೀಲಿ ಬಿಗಿದ. ಎಡಗೈಯಲ್ಲಿ ಒಂದು ಚೀಟಿ ಬರೆದ. ಮೂಲೆಯ ಬೀರುವಿನ ಕೆಳಗಿನ ಅರೆಯಲ್ಲಿ ಚೀಟಿಯನ್ನು ಬೋರಲು ಹಾಕಿ, ಅದರ ಮೇಲೆ ಆ ಲೋಟ ಕವುಚಿ, ಪಕ್ಕದಲ್ಲಿ ನನ್ನನ್ನು ಮಲಗಿಸಿ, ಬೀಗ ಹಾಕಿ ಹೋದ. ವರ್ಷಗಟ್ಟಲೆ ಹೀಗೆ ಕಚ್ಚಿಕೊಂಡಿರುವುದು ನನ್ನಂಥವನ ಮೈಗೆ ಒಳ್ಳೆಯದಲ್ಲ. ಆದರೂ ನಾನು ಬಾಯಿ ಸಡಿಲಿಸಲಿಲ್ಲ.

ಕತ್ತಲೆಯಲ್ಲಿ ಯೋಚಿಸಲು ಬೇಕಾದಷ್ಟು ಸಮಯವಿತ್ತು. ನನ್ನ ಆ ಇಣುಕುವ ಗೀಟನ್ನು ನಾನೇ ಶಪಿಸಿಕೊಂಡೆ. ಸರಿಯಾಗಿ ಹೇಳಿದರೆ ಸಾಕು ಎಂದು ಜಂಬಪಟ್ಟಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಮೊನ್ನೆ ಒಂದು ದಿನ ಬೀರು ತೆರೆಯಿತು. ಹೊಸ ಬೋಧಕಿ ಹಳೆಯ ಸಾಮಾನು ನೋಡಲು ಬಂದಿದ್ದರು. ಹೆಗಲ ಮೇಲೆ ಕರ್ನಲ್ ಪಟ್ಟಿ, ಕಿವಿಯ ಪಕ್ಕ ನರೆ, ಮೂಗಿನ ಮೇಲೆ ಕನ್ನಡಕ. ಆ ಹೆಬ್ಬೆರಳು ತಾಗಿದ ಕೂಡಲೇ ನನಗೆ ನಂದಿತಾ ಎಂದು ಗೊತ್ತಾಯಿತು.

ಆಕೆ ಲೋಟವನ್ನು ನೋಡಿದರು. ಎತ್ತಲಿಲ್ಲ. ನನ್ನನ್ನು ಬೆಳಕಿಗೆ ಹಿಡಿದು ಓದಿದರು, ಒಮ್ಮೆ, ಮತ್ತೊಮ್ಮೆ. ಜೇಬಿನಿಂದ ಕಾಗದ ತೆಗೆದು ಒಂಬತ್ತು ಪಾಯಿಂಟ್ ಒಂಬತ್ತು ಎಂಟು ಎಂದು ಬರೆದು ಸಹಿ ಹಾಕಿದರು. ಆಮೇಲೆ ಲೋಟ ಎತ್ತಿದರು. ಹಳದಿಯಾದ ಚೀಟಿಯಲ್ಲಿ ಸೊಟ್ಟಸೊಟ್ಟ ಅಂಕಿಗಳಲ್ಲಿ ಅದೇ ಅಳತೆ ಇತ್ತು. ಕೆಳಗೆ, ‘ಮೊದಲನೇ ಓದು, ಬಸಲಿಂಗಪ್ಪ. ಎರಡನೇ ಓದು’ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದ.

ಆ ಖಾಲಿ ಜಾಗದಲ್ಲಿ ಆಕೆ ತನ್ನ ಹೆಸರು ಬರೆದರು. ಹನ್ನೊಂದು ವರ್ಷ ಬರೆಯದಿದ್ದ ಕಾಗದವನ್ನು ಅಲ್ಲೇ ನಿಂತು ಬರೆದು ಕಚೇರಿಗೆ ಕಳುಹಿಸಿದರು. ಉಪಕರಣ ಸರಿ ಇತ್ತು, ನಾನು ನೋಡಿದ್ದನ್ನು ಹೇಳಲಿಲ್ಲ ಎಂದು ಅದರಲ್ಲಿತ್ತು. ಆಮೇಲೆ ಪ್ರಯೋಗಾಲಯದ ಹೊಸ ನೌಕರನನ್ನು ಕರೆದು, ಬಸಲಿಂಗಪ್ಪನವರ ಫೋನ್ ನಂಬರ್ ಇದೆಯಾ ಎಂದು ಕೇಳಿದರು.

ಕಳೆದ ಶ್ರಾವಣದಲ್ಲಿ ತೀರಿಕೊಂಡರು ಎಂದು ಅವನು ಹೇಳಿದ.

ಆಕೆ ಚೀಟಿಯನ್ನು ಮತ್ತೆ ಬೋರಲು ಹಾಕಿ ಲೋಟ ಕವುಚಿದರು. ನನ್ನ ಕೀಲಿ ಸಡಿಲಿಸಿ, ತಾಮ್ರ ತೆಗೆದು, ದವಡೆ ಮುಚ್ಚಿದರು. ಸೊನ್ನೆಯ ಮೇಲೆ ಸೊನ್ನೆ ಕೂತಿತು. ಈಗ ನನ್ನನ್ನು ತರಗತಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಕೆಂಪು ಪಟ್ಟಿ ಇನ್ನೂ ಇದೆ, ಕೆರೆದು ತೆಗೆಯುವ ಆದೇಶ ಬಂದಿಲ್ಲವಂತೆ. ಅದರ ಬಗ್ಗೆ ನನಗೀಗ ಅಂಥ ಬೇಸರವೇನೂ ಇಲ್ಲ. ಎರಡನೆಯ ಓದು ಬರುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು. ಅಷ್ಟು ದಿನ ಕಾಯಲು ಬಸಲಿಂಗಪ್ಪನಿಗೆ ಆಗಲಿಲ್ಲ.